ಹೆದ್ದಾರಿಯಲ್ಲಿ ಸ್ಟಿಯರಿಂಗ್ ನಡುಗುತ್ತಿದೆಯೇ? ಕಡೆಗಣಿಸದಿರಿ

ಬೇಸಿಗೆ ರಜೆ, ಗಣೇಶ ಚೌತಿ, ಊರ ದೈವಸ್ಥಾನದ ನೇಮ ಎಂದು ವರ್ಷಕ್ಕೊಮ್ಮೆಯಾದರೂ ಸ್ವಂತ ಕಾರಿನಲ್ಲಿ ಊರಿಗೆ ಹೊರಡುವ ಮುಂಬಯಿ ಕನ್ನಡಿಗರು ಅನೇಕರಿದ್ದಾರೆ. ನಗರದ ಟ್ರಾಫಿಕ್‌ನಲ್ಲಿ 40-50 ಕಿ.ಮೀ. ವೇಗವನ್ನೂ ದಾಟದ ಕಾರು ಅಂದು ಮುಂಬಯಿ-ಪುಣೆ ಎಕ್ಸ್‌ಪ್ರೆಸ್ ವೇಯಲ್ಲಿ ಒಮ್ಮೆಲೇ 90 ಮುಟ್ಟುತ್ತದೆ. ಅದುವರೆಗೆ ಅಡಗಿದ್ದ ದೋಷ ಹೊರಬೀಳುವುದು ಆಗಲೇ. ಸ್ಟಿಯರಿಂಗ್ ಗಡಗಡ ನಡುಗತೊಡಗುತ್ತದೆ. 'ರಸ್ತೆಯೇ ಸರಿಯಿಲ್ಲ' ಎಂದು ಸಮಾಧಾನಪಟ್ಟುಕೊಂಡು ಮುಂದೆ ಸಾಗುವವರಿದ್ದಾರೆ. ಹಿಂದಿನ ಸೀಟಿನಲ್ಲಿ ವೃದ್ಧ ತಂದೆ-ತಾಯಿ, ಮಕ್ಕಳಿರುವಾಗ ಈ ಉದಾಸೀನ ಸಲ್ಲದು.

ಸಣ್ಣ ತೂಕ, ದೊಡ್ಡ ಎಳೆತ

80ರಿಂದ 110 ಕಿ.ಮೀ. ವೇಗದ ನಡುವೆ ಕಾಣಿಸಿಕೊಳ್ಳುವ ನಡುಕಕ್ಕೆ ಸಾಮಾನ್ಯ ಕಾರಣ ಮುಂದಿನ ಚಕ್ರಗಳ ಬ್ಯಾಲೆನ್ಸ್ ತಪ್ಪಿರುವುದು. ರಿಮ್ಮಿಗೆ ಕೂರಿಸಿದ ಸಣ್ಣ ತೂಕದ ತುಂಡು ಕಳಚಿ ಬಿದ್ದರೆ ಅಥವಾ ಮಳೆಗಾಲದ ಕೆಸರು ರಿಮ್ಮಿನ ಒಳಬದಿಯಲ್ಲಿ ಒಣಗಿ ಅಂಟಿಕೊಂಡರೆ ಅಷ್ಟೇ ಸಾಕು. ಸಣ್ಣ ಕಾರಿನ ಚಕ್ರ 100 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 15 ಸುತ್ತು ತಿರುಗುತ್ತದೆ. ರಿಮ್ಮಿನ ಅಂಚಿನಲ್ಲಿ ಬರೇ 30 ಗ್ರಾಂ ವ್ಯತ್ಯಾಸವಿದ್ದರೂ ಸುಮಾರು 5 ಕಿಲೋ ಭಾರದಷ್ಟು ಎಳೆತ ಪ್ರತಿ ಸುತ್ತಿನಲ್ಲೂ ಚಕ್ರವನ್ನು ಅಲುಗಿಸುತ್ತದೆ. ವೇಗ ಅರ್ಧಕ್ಕಿಳಿದರೆ ಈ ಎಳೆತ ಕಾಲು ಪಾಲಿಗೆ ಇಳಿಯುತ್ತದೆ. ಪೇಟೆಯಲ್ಲಿ ದೋಷ ಗೊತ್ತಾಗದಿರುವುದು ಇದರಿಂದಲೇ.

ನಡುಕ ಎಲ್ಲಿ, ಯಾವಾಗ?

ಗ್ಯಾರೇಜಿಗೆ ಹೋಗುವ ಮೊದಲು ಚಾಲಕನೇ ಕೆಲವು ವಿಷಯ ಗಮನಿಸಬೇಕು.

* ನಡುಕ ಸ್ಟಿಯರಿಂಗ್‌ನಲ್ಲಿದ್ದರೆ ಸಾಮಾನ್ಯವಾಗಿ ಮುಂದಿನ ಚಕ್ರ. ಸೀಟು, ನೆಲದಲ್ಲಿದ್ದರೆ ಹಿಂದಿನ ಚಕ್ರ.

* ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಬ್ರೇಕ್ ಡಿಸ್ಕ್ ಅಸಮವಾಗಿ ಸವೆದಿರಬಹುದು.

* ಆಕ್ಸಿಲರೇಟರ್ ಒತ್ತಿದಾಗ ಹೆಚ್ಚಿ, ಬಿಟ್ಟಾಗ ಕಡಿಮೆಯಾದರೆ ಡ್ರೈವ್ ಶಾಫ್ಟ್‌ನ ಜಾಯಿಂಟ್ ಮೇಲೆ ಸಂಶಯ.

* 30-40ರ ವೇಗದಲ್ಲೇ ಕಾರು ಓಲಾಡಿದರೆ ಟಯರ್ ಉಬ್ಬಿರಬಹುದು ಅಥವಾ ರಿಮ್ ಬಾಗಿರಬಹುದು.

ಸೊಸೈಟಿಯ ಕಂಪೌಂಡಿನಲ್ಲಿ ವಾರಗಟ್ಟಲೆ ಕದಲದೆ ನಿಂತ ಕಾರಿನ ಟಯರ್ ನೆಲಕ್ಕೊತ್ತಿದ ಭಾಗದಲ್ಲಿ ತುಸು ಚಪ್ಪಟೆಯಾಗುವುದುಂಟು. ಈ ನಡುಕ ಟಯರ್ ಬಿಸಿಯಾಗುತ್ತಲೇ ಸಾಮಾನ್ಯವಾಗಿ ಮಾಯವಾಗುತ್ತದೆ. ಆಗದಿದ್ದರೆ ಕಾರಣ ಬೇರೆ.

ಎರಡು ಕೆಲಸ ಬೇರೆ ಬೇರೆ

ಹಲವರು ಬ್ಯಾಲೆನ್ಸಿಂಗ್ ಮತ್ತು ಅಲೈನ್‌ಮೆಂಟ್ ಎರಡೂ ಒಂದೇ ಎಂದು ತಿಳಿದಿದ್ದಾರೆ. ಕಾರು ಒಂದು ಬದಿಗೆ ಎಳೆದರೆ, ಟಯರಿನ ಒಂದೇ ಅಂಚು ಸವೆದರೆ ಬೇಕಾದುದು ಅಲೈನ್‌ಮೆಂಟ್. ನಡುಕಕ್ಕೆ ಮೊದಲು ಬೇಕಾದುದು ಬ್ಯಾಲೆನ್ಸಿಂಗ್. ಅಲೈನ್‌ಮೆಂಟಿಗೆ ಹಣ ತೆತ್ತು ಅದೇ ನಡುಕದೊಂದಿಗೆ ಮರಳುವುದು ಈ ಗೊಂದಲದಿಂದಲೇ. ಬ್ಯಾಲೆನ್ಸಿಂಗ್ ಆದ ಮೇಲೂ ನಡುಕ ನಿಲ್ಲದಿದ್ದರೆ ಮುಂದಿನ ಚಕ್ರಗಳನ್ನು ಹಿಂದಕ್ಕೆ, ಹಿಂದಿನವನ್ನು ಮುಂದಕ್ಕೆ ಹಾಕಿಸಿ ನೋಡಬಹುದು. ನಡುಕ ಸ್ಟಿಯರಿಂಗ್ ಬಿಟ್ಟು ಸೀಟಿಗೆ ಬಂದರೆ ದೋಷ ಚಕ್ರದಲ್ಲೇ ಇದೆ. ಬದಲಾಗದಿದ್ದರೆ ವೀಲ್ ಬೇರಿಂಗ್, ಬಾಲ್ ಜಾಯಿಂಟ್, ಟೈ ರಾಡ್ ಎಂಡ್‌ಗಳನ್ನು ಕಾರನ್ನು ಎತ್ತಿ ಪರೀಕ್ಷಿಸಬೇಕು.

ಕೂಡಲೇ ನಿಲ್ಲಿಸಿ

ದಾರಿ ಮಧ್ಯೆ ನಡುಕ ಹಠಾತ್ತನೆ ಶುರುವಾದರೆ ಅಥವಾ ಹೆಚ್ಚುತ್ತಾ ಹೋದರೆ ಪ್ರಯಾಣ ಮುಂದುವರಿಸಬಾರದು. ಬ್ರೇಕನ್ನು ಜೋರಾಗಿ ಒತ್ತದೆ, ವೇಗ ಮೆಲ್ಲನೆ ಇಳಿಸಿ ಸುರಕ್ಷಿತ ಜಾಗದಲ್ಲಿ ನಿಲ್ಲಿಸಬೇಕು. ಚಕ್ರದ ನಟ್ ಸಡಿಲವಾಗಿದೆಯೇ, ಟಯರಿನಲ್ಲಿ ಉಬ್ಬು ಇದೆಯೇ ನೋಡಬೇಕು. ಉಬ್ಬಿದ ಟಯರ್ ಯಾವ ಕ್ಷಣದಲ್ಲೂ ಸಿಡಿಯಬಹುದು. ಅದನ್ನು ತೆಗೆದು ಸ್ಟೆಪ್ನಿ ಹಾಕುವುದೇ ದಾರಿ.

ಟಯರಿನ ವಯಸ್ಸನ್ನೂ ನೋಡಿಕೊಳ್ಳಬೇಕು. ಅದರ ಬದಿಯಲ್ಲಿ ನಾಲ್ಕು ಅಂಕೆಗಳಿರುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದುದು. ಹೆಚ್ಚು ಓಡದ ಕಾರಿನ ಟಯರ್ ಹೊಸದರಂತೆ ಕಂಡರೂ ರಬ್ಬರ್ ಹಳತಾಗಿ ಬಿರುಕು ಬಿಟ್ಟಿರಬಹುದು.

ಮಂಗಳೂರು, ಉಡುಪಿಯ ಕಡೆಗೆ ಮುಂಬಯಿಯಿಂದ ಸಾವಿರ ಕಿ.ಮೀ. ಹತ್ತಿರದ ದಾರಿ. ಹೊರಡುವ ಮುನ್ನಾದಿನ ಗ್ಯಾರೇಜಿಗೆ ಓಡುವ ಬದಲು ಒಂದು ವಾರ ಮೊದಲೇ ನಾಲ್ಕೂ ಚಕ್ರಗಳನ್ನು ಬ್ಯಾಲೆನ್ಸ್ ಮಾಡಿಸಿ, ಸ್ಟೆಪ್ನಿಯ ಗಾಳಿಯನ್ನೂ ನೋಡಿಸಿಕೊಳ್ಳುವುದು ಒಳಿತು. ಎಷ್ಟು ವೇಗದಲ್ಲಿ, ಎಲ್ಲಿ, ಯಾವಾಗ ನಡುಗುತ್ತದೆ ಎಂದು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿದರೆ ಅರ್ಧ ಕೆಲಸ ಮುಗಿದಂತೆ.