ಗಾಳಗಾರನ ಲೆಕ್ಕದ ಪುಸ್ತಕ

ಗಾಳವನ್ನು ನೀರಿಗಿಳಿಸಿ ಕಾದು ಕುಳಿತವನಿಗೆ ತಾಳ್ಮೆಯೇ ಬಂಡವಾಳವು. ನಮ್ಮ ನಾಡಿನಲ್ಲಿ ಈ ವಿನೋದಕ್ಕೆ ಕಡಲ ಅಳಿವೆಗಳೂ ಒಳನಾಡಿನ ಹೊಳೆಗಳೂ ಎಡೆಗೊಟ್ಟಿವೆ.

ನೇತ್ರಾವತಿ, ಶರಾವತಿಗಳು ಕಡಲನ್ನು ಕೂಡುವೆಡೆಯಲ್ಲಿ ಉಬ್ಬರವಿಳಿತಗಳೇ ಗಾಳಗಾರನ ಗಡಿಯಾರ. ನೀರೇರುವಾಗ ಮೀನುಗಳು ಮೇವನ್ನರಸುತ್ತ ಒಳಕ್ಕೆ ಬರುವುವು. ಮರಳುತಳದ ಕಾಣೆಯು ಸೀಗಡಿಯ ತುಂಡಿಗೆ ಒಲಿಯುವುದು. ಜೂನ್, ಜುಲೈಗಳಲ್ಲಿ ಯಾಂತ್ರಿಕ ದೋಣಿಗಳ ಬೇಟೆಗೆ ಸರಕಾರದ ನಿಷೇಧವುಂಟು. ಅನೇಕ ಮೀನುಗಳಿಗೆ ಅದು ಸಂತಾನಕಾಲವು.

ಹೊಳೆಯ ಮೀನುಗಳಲ್ಲಿ ಮಹಶೀರೇ ಅರಸು. ರಾಗಿಯ ಉಂಡೆಗೆ ಬಾಯಿಡುವ ಈ ಮೀನು, ಗಾಳ ನಾಟಿದೊಡನೆ ಬಂಡೆಗಳ ನಡುವೆ ನುಗ್ಗಿ ದಾರವನ್ನೇ ಕಡಿದುಕೊಂಡು ಹೋಗುವುದುಂಟು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಎಂಬವರು ಕಬಿನಿಯಲ್ಲಿ ಹಿಡಿದ ಮಹಶೀರಿನ ತೂಕವು 120 ಪೌಂಡು!

ಅಂತಹ ಮೀನಿಗೆ ಈಗ ಕೇಡುಗಾಲ ಬಂದಿದೆ. ಕಾವೇರಿಯ ತೀರದ ಗಾಲಿಬೋರೆಯಲ್ಲಿ ಗಾಳಗಾರರು ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಜೀವಸಹಿತ ನೀರಿಗೆ ಬಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಲೆಕ್ಕವನ್ನು ಪಂಡಿತರು ಪರಿಶೀಲಿಸಲಾಗಿ, ಹೊರಗಿನಿಂದ ತಂದು ಬಿಟ್ಟ ಮಹಶೀರ್ ಜಾತಿಯು ಹೆಚ್ಚುತ್ತ, ಕಾವೇರಿಯದೇ ಆದ ಗೂನುಬೆನ್ನಿನ ಜಾತಿಯು ವಿರಳವಾಗುತ್ತ ಬಂದುದು ತಿಳಿಯಿತು. 2018ರಲ್ಲಿ ಅದು ಅಳಿವಿನ ಅಂಚಿನ ಜೀವಿಗಳ ಪಟ್ಟಿಗೆ ಸೇರಿತು. ಸಿಡಿಮದ್ದು, ಅಣೆಕಟ್ಟು, ಮರಳುಗಳ್ಳತನಗಳೂ ಅದಕ್ಕೆ ಹಗೆಗಳೇ.

ಆದುದರಿಂದ ರಜೆಯಲ್ಲಿ ಮಕ್ಕಳೊಡನೆ ಗಾಳ ಹಿಡಿದು ಹೊರಡುವವರು ಅಲ್ಲಿಯ ಕಟ್ಟಳೆಯನ್ನು ಮೊದಲು ವಿಚಾರಿಸಿಕೊಳ್ಳಲಿ. ಅಭಯಾರಣ್ಯದ ನೀರಿಗೆ ಗಾಳವನ್ನು ಇಳಿಸದಿರಲಿ. ತತ್ತಿ ತುಂಬಿದ ಮೀನು ಸಿಕ್ಕರೆ, ಕೈ ನೆನೆಸಿಕೊಂಡು ಮೆಲ್ಲನೆ ಬಿಡಿಸಿ ಹೊಳೆಗೇ ಒಪ್ಪಿಸಲಿ. ಅದರ ಅಳತೆಯನ್ನು ಬರೆದಿಡಲಿ. ಬುಟ್ಟಿ ಬರಿದಾದರೇನು? ಪುಸ್ತಕದ ಆ ಒಂದು ಸಾಲು ಮುಂದಿನವರಿಗೆ ಉಳಿಯುವುದು.