ಎದುರು ದಡದ ದೂರ

ಭೂಪಟವನ್ನು ನಂಬಿ ಮೋಸಹೋದವರಲ್ಲಿ ನಾನೂ ಒಬ್ಬ. ಕೆನಡಾದ ಇಕಾಲುಯಿಟ್ ಪಟ್ಟಣಕ್ಕೂ ಗ್ರೀನ್‌ಲೆಂಡಿನ ರಾಜಧಾನಿ ನೂಕ್‌ಗೂ ನಡುವೆ ಹದಿನೇಳು ರೇಖಾಂಶಗಳ ಅಂತರವುಂಟು. ನಮ್ಮ ಬೆಂಗಳೂರಿನ ಅಕ್ಷಾಂಶದಲ್ಲಿ ಒಂದು ರೇಖಾಂಶವೆಂದರೆ 108 ಕಿಲೋಮೀಟರು. ಅದನ್ನೇ ಹಿಡಿದು ಗುಣಿಸಿ, ಎರಡಕ್ಕೂ 1,800 ಕಿಲೋಮೀಟರ್ ದೂರವೆಂದು ತೀರ್ಮಾನಿಸಿದ್ದೆ. ಮೊಮ್ಮಗಳು ತನ್ನ ಗೋಲದ ಮೇಲೆ ದಾರವಿಟ್ಟು ಅಳೆದಾಗ ಅದು ಅರ್ಧಕ್ಕೂ ಕಡಮೆಯಾಯಿತು. ಕಾರಣ ಸರಳ. ರೇಖಾಂಶಗಳು ಧ್ರುವದ ಕಡೆಗೆ ಸಾಗಿದಂತೆ ಒಂದಕ್ಕೊಂದು ಹತ್ತಿರವಾಗುತ್ತವೆ. 64ನೆಯ ಅಕ್ಷಾಂಶದಲ್ಲಿ ಒಂದೊಂದಕ್ಕೆ 49 ಕಿಲೋಮೀಟರ್ ಮಾತ್ರ. ನಿಜವಾದ ದೂರ ಸುಮಾರು 820. ಬೆಂಗಳೂರಿನಿಂದ ಮುಂಬಯಿಗೆ ಹಾರುವಷ್ಟೇ ಎನ್ನಿ.

ಗಂಟೆಗೆ 500 ಕಿಲೋಮೀಟರ್ ವೇಗದ ಚಿಕ್ಕ ಪಂಕವಿಮಾನಕ್ಕೆ, ಏರಿಳಿತವೂ ಸೇರಿ, ಎರಡು ಗಂಟೆಯ ಪಯಣ. ಆದರೆ ಆ ವಿಮಾನ ಇದ್ದರೆ ತಾನೇ! ಇಕಾಲುಯಿಟ್‌ಗೆ ಹೊರಗಿನಿಂದ ರಸ್ತೆಯಿಲ್ಲ. ನೂಕ್‌ನಿಂದ ಬೇರೆ ಊರಿಗೂ ರಸ್ತೆಯಿಲ್ಲ. 2012ರಿಂದ 2014ರವರೆಗೆ ಬೇಸಿಗೆಯಲ್ಲಿ ನೇರ ವಿಮಾನವಿತ್ತು, ನಿಂತುಹೋಯಿತು. ಅನಂತರದ ವರ್ಷಗಳಲ್ಲಿ ಎದುರು ದಡದ ನೆಂಟನನ್ನು ನೋಡಬೇಕಾದವನು ಕೋಪನ್‌ಹೇಗನ್‌ಗೆ ಹೋಗಿ, ಅಟ್ಲಾಂಟಿಕ್ ಸಾಗರವನ್ನು ಮರಳಿ ದಾಟಿ, ದಕ್ಷಿಣ ಕೆನಡಾದ ಯಾವುದೋ ಮಹಾನಗರದಲ್ಲಿಳಿದು, ಅಲ್ಲಿಂದ ಮತ್ತೆ 2,000 ಕಿಲೋಮೀಟರ್ ಉತ್ತರಕ್ಕೆ ಹಾರಬೇಕು. ಒಟ್ಟು ಹತ್ತು ಸಾವಿರಕ್ಕೂ ಮಿಗಿಲು. ಐಸ್‌ಲೆಂಡಿನ ಮೂಲಕ ಹೋದರೆ ಕೊಂಚ ಉಳಿತಾಯ, ಅಷ್ಟೆ. ಆಳುವವರ ರಾಜಧಾನಿ ಎಲ್ಲಿದೆಯೋ ದಾರಿಯೂ ಅತ್ತಲೇ ಹರಿಯುತ್ತದೆ.

ನೆಂಟರೆಂದು ಸುಮ್ಮನೆ ಅಂದದ್ದಲ್ಲ. ಎರಡೂ ದಡಗಳಲ್ಲಿರುವವರು ಇನುಯಿಟ್ ಜನ. ಇವರ ಪೂರ್ವಿಕರು ಅಲಾಸ್ಕಾದಿಂದ ನಾಯಿಬಂಡಿ, ತೊಗಲುದೋಣಿಗಳಲ್ಲಿ ಪೂರ್ವಕ್ಕೆ ಬಂದು, ಸುಮಾರು ಎಂಟು ಶತಮಾನಗಳ ಹಿಂದೆ ಗ್ರೀನ್‌ಲೆಂಡ್ ಮುಟ್ಟಿದರು. ಮನುಷ್ಯನಿಗೆ ಇಬ್ಬರ ನುಡಿಯಲ್ಲೂ 'ಇನುಕ್'. ಮನೆಗೆ ಇಲ್ಲಿ 'ಇಗ್ಲು', ಅಲ್ಲಿ 'ಇಲ್ಲು'. ತಮಿಳಿನ 'ಇಲ್ಲಂ' ನೆನಪಾಗಿ ನಾನು ಕ್ಷಣಕಾಲ ಬೆಚ್ಚಿದ್ದುಂಟು. ಅದು ಬರಿಯ ಕಾಕತಾಳೀಯ, ಯಾರೂ ಪ್ರಬಂಧ ಬರೆಯಹೊರಡಬಾರದು.

ಮಾತು ಒಂದೇ ಬಳಗದ್ದಾದರೂ ಲಿಪಿ ಬೇರೆ. ಗ್ರೀನ್‌ಲೆಂಡಿನವರದು ರೋಮನ್ ಅಕ್ಷರ. ಇಕಾಲುಯಿಟ್‌ನಲ್ಲಿ ಕಾಣುವುದು, ಜೇಮ್ಸ್ ಇವಾನ್ಸ್ ಎಂಬ ಪಾದ್ರಿ 1840ರಲ್ಲಿ ಕ್ರೀ ಜನರಿಗಾಗಿ ರೂಪಿಸಿದ ಲಿಪಿಯಿಂದ ಬೆಳೆದದ್ದು. ನಮ್ಮ ಕಾಗುಣಿತ ಬಲ್ಲವರಿಗೆ ಅದು ಬಲು ಸೊಗಸು: ಕೊಂಬು ಗುಡಿಸುಗಳಿಲ್ಲ, ಅಕ್ಷರವನ್ನೇ ತಿರುಗಿಸುವುದು. ಮೊನೆ ಮೇಲಾದರೆ 'ಪಿ', ಬಲಕ್ಕಾದರೆ 'ಪು', ಎಡಕ್ಕಾದರೆ 'ಪ'. ಇವಾನ್ಸನಿಗೆ ದೇವನಾಗರಿಯ ಪ್ರೇರಣೆಯಿತ್ತೆಂದು ವಿದ್ವಾಂಸರು ಹೇಳುವುದುಂಟು. ಆದರೆ ಅಕ್ಕನ ಕಾಗದವನ್ನು ತಂಗಿ ಓದಲಾರದ ಸ್ಥಿತಿ. ಬಾಯಿಮಾತಿಗೆ ಎದುರೆದುರು ಕೂಡಲೇಬೇಕು. ಅದಕ್ಕೇ ಆ ಎರಡು ಗಂಟೆಯ ವಿಮಾನ ಅವರಿಗೆ ಅಷ್ಟು ಮುಖ್ಯ.

2024ರ ಜೂನ್‌ನಲ್ಲಿ ಬೇಸಿಗೆಯ ಮಟ್ಟಿಗೆ, ವಾರಕ್ಕೊಮ್ಮೆ, ಅದು ಮತ್ತೆ ಹಾರಿತು. ಅದರಲ್ಲೊಂದು ತಮಾಷೆಯಿದೆ. ಇಕಾಲುಯಿಟ್‌ನ ಗಡಿಯಾರ ನೂಕ್‌ಗಿಂತ ಮೂರು ಗಂಟೆ ಹಿಂದೆ. ಹೋಗುವಾಗ ಮಧ್ಯಾಹ್ನ ಹನ್ನೆರಡಕ್ಕೆ ಹೊರಟರೆ ಇಳಿಯುವಾಗ ಸಂಜೆ ಐದು. ಹಿಂದಿರುಗುವಾಗಲೂ ಹನ್ನೆರಡಕ್ಕೇ ಹೊರಟರೆ, ಮನೆ ತಲುಪುವಾಗ ಅಲ್ಲಿನ್ನೂ ಹನ್ನೊಂದು.