ಮನೆ ಶಿಫ್ಟ್ ಮಾಡ್ತಿದ್ದೀರಾ? ಅಟ್ಟದ ಮೇಲಿನ ಗ್ರಾಮಫೋನ್ ಪ್ಲೇಟುಗಳನ್ನು ಲಾರಿಗೆ ಹಾಕುವ ಮುನ್ನ ಇದನ್ನು ಓದಿ

ಗದಗ: ಮಕ್ಕಳ ಪರೀಕ್ಷೆ ಮುಗೀತು ಅಂದ್ರೆ ಮನೆ ಬದಲಿಸೋರ ಸೀಸನ್ ಶುರು. ಮಕ್ಕಳು ಬೆಂಗಳೂರಲ್ಲಿ ನೆಲೆಸಿದರು ಅಂತ ಊರ ಮನೆಯನ್ನೇ ಖಾಲಿ ಮಾಡಿ ಹೊರಡುವ ಹಿರಿಯರೂ ಇದ್ದಾರೆ. ಟಿವಿ, ಫ್ರಿಜ್ಜು, ಗಾಜಿನ ಸಾಮಾನಿಗೆ ಎಲ್ಲರೂ ಜೋಪಾನ ಮಾಡ್ತಾರೆ. ಅಟ್ಟದ ಮೇಲಿರೋ ಅಜ್ಜನ ಕಾಲದ ಪ್ಲೇಟುಗಳು ಮಾತ್ರ ಹಳೇ ಟ್ರಂಕಿಗೆ ಬೀಳುತ್ತವೆ, ಅದರ ಮೇಲೆ ಪಾತ್ರೆ ಗಂಟು ಕೂರುತ್ತೆ. 400 ಕಿ.ಮೀ. ದಾಟಿ ಟ್ರಂಕ್ ತೆಗೆದಾಗ ಕೈಗೆ ಸಿಗೋದು ಚೂರು.

ಮನೆಗಳಷ್ಟೇ ಅಲ್ಲ. ಮದುವೆ, ಜಾತ್ರೆಗೆ ಹಾಡು ಹಾಕುತ್ತಿದ್ದ ಹಳೇ ಮೈಕ್ ಸೆಟ್ ಅಂಗಡಿಯವರ ಹತ್ತಿರವೂ ಇಂಥ ರೆಕಾರ್ಡುಗಳ ರಾಶಿ ಇರುತ್ತೆ. ಅಂಗಡಿ ಜಾಗ ಬದಲಾಯಿಸುವಾಗ ಮೊದಲು ಪೆಟ್ಟು ತಿನ್ನೋದು ಅದೇ.

'ಹೋದ್ರೆ ಹೋಯ್ತು ಬಿಡ್ರಿ, ಮೊಬೈಲ್‌ನಲ್ಲೇ ಹಾಡು ಸಿಗ್ತಾವಲ್ಲ' ಅನ್ನೋರಿದ್ದಾರೆ. ಜನಪ್ರಿಯ ಸಿನಿಮಾ ಹಾಡಿನ ಮಟ್ಟಿಗೆ ಆ ಮಾತು ಸರಿ. ಆದರೆ ಹಳೇ ನಾಟಕ ಕಂಪನಿಗಳ ರಂಗಗೀತೆ, 1930ರ ದಶಕದ ಗಾಯಕರ ಪ್ಲೇಟುಗಳ ಮಾತು ಬೇರೆ. ಅವುಗಳಲ್ಲಿ ಎಷ್ಟೋ ಮತ್ತೆ ಅಚ್ಚಾಗಲೇ ಇಲ್ಲ. ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಆರಂಭದ ಧ್ವನಿಮುದ್ರಣಗಳು 'ಗಾಂಧಾರಿ' ಎಂಬ ಹೆಸರಲ್ಲಿ ಬಂದಿದ್ದವು. ಇದು ಗೊತ್ತಿಲ್ಲದವರು ಅಂಥ ಪ್ಲೇಟನ್ನು ಯಾರದ್ದೋ ಅಂತ ಪಕ್ಕಕ್ಕೆ ಎಸೆದುಬಿಡಬಹುದು. ಹಾಗಾಗಿ ಪ್ಯಾಕ್ ಮಾಡೋ ಮೊದಲು ಪ್ರತಿ ಲೇಬಲ್‌ನ ಎರಡೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ.

ಒಂದು ಒಡೆಯುತ್ತೆ, ಇನ್ನೊಂದು ಬಾಗುತ್ತೆ

ನೋಡೋಕೆ ಎಲ್ಲವೂ ಕರಿ ತಟ್ಟೆಗಳೇ. ಆದರೆ ಇವುಗಳಲ್ಲಿ ಎರಡು ಜಾತಿ. ಹಳೆಯದು 78ರ ವೇಗದಲ್ಲಿ ತಿರುಗುವ ಪ್ಲೇಟು. ಒಂದು ಬದಿಗೆ ಮೂರು-ಮೂರೂವರೆ ನಿಮಿಷದ ಹಾಡು. ಇದನ್ನು ಮಾಡಿರೋದು ಅರಗಿನಿಂದ. ಹೌದು, ಪಾಂಡವರ ಅರಗಿನ ಮನೆಯ ಅದೇ ಅರಗು. ಅದಕ್ಕೆ ಕಲ್ಲಿನ ನುಣ್ಣನೆ ಪುಡಿ, ಕಪ್ಪು ಬಣ್ಣ ಬೆರೆಸಿ ಅಚ್ಚೊತ್ತುತ್ತಿದ್ದರು. ಆದ್ದರಿಂದಲೇ ಅದು ಭಾರ, ಗಡಸು. ಅಂಚನ್ನು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಪಿಂಗಾಣಿ ತಟ್ಟೆಯಂತೆ ಟಣ್ ಅನ್ನುತ್ತೆ. ಕೈ ಜಾರಿ ಬಿದ್ದರೆ ಪಿಂಗಾಣಿಯಂತೆಯೇ ಚೂರಾಗುತ್ತೆ.

ಇನ್ನೊಂದು ವಿನೈಲ್, ಅಂದರೆ ಪ್ಲಾಸ್ಟಿಕ್. 33ರ ವೇಗದ ದೊಡ್ಡ ಎಲ್‌ಪಿ, 45ರ ವೇಗದ ಚಿಕ್ಕ ಇಪಿ ಇದರದ್ದು. ತಟ್ಟಿದರೆ ಮಂದ ಸದ್ದು. ಇದು ಬಿದ್ದರೂ ಸುಲಭಕ್ಕೆ ಒಡೆಯಲ್ಲ, ಇದರ ವೈರಿ ಬಿಸಿಲು. ಸುಮಾರು 60 ಡಿಗ್ರಿ ತಾಪಕ್ಕೆ ಮೆತ್ತಗಾಗುತ್ತೆ, ಮೇಲೆ ಭಾರ ಇದ್ದರೆ ಇನ್ನೂ ಬೇಗ ಹಪ್ಪಳದ ಹಾಗೆ ಡೊಂಕಾಗುತ್ತೆ. ಏಪ್ರಿಲ್-ಮೇ ಬಿಸಿಲಲ್ಲಿ ನಿಲ್ಲಿಸಿದ ಮುಚ್ಚಿದ ಗಾಡಿಯೊಳಗೆ ಅಷ್ಟು ಕಾವು ಏರೋದು ದೊಡ್ಡ ಮಾತಲ್ಲ.

ಎರಡನ್ನೂ ಒಂದೇ ಬಾಕ್ಸಿಗೆ ಹಾಕಬೇಡಿ. ಹೊರಡೋ ಗಡಿಬಿಡಿಯಲ್ಲಿ ಸ್ಪಿರಿಟ್ ಹಾಕಿ ಒರೆಸೋಕೂ ಹೋಗಬೇಡಿ. ಬಡಗಿಗಳು ಮರಕ್ಕೆ ಹೊಡೆಯೋ ಪಾಲಿಶ್ ಇದೆಯಲ್ಲ, ಅದು ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿಯೇ ಮಾಡೋದು. ಅಂದ್ಮೇಲೆ 78ರ ಪ್ಲೇಟಿನ ಮೇಲೆ ಸ್ಪಿರಿಟ್ ಬಿದ್ದರೆ ಹಾಡೇ ಕರಗಿಹೋಗುತ್ತೆ. ಒಣಗಿದ ಮೆತ್ತನೆ ಬ್ರಷ್ ಸಾಕು.

ಮಲಗಿಸಬೇಡಿ, ನಿಲ್ಲಿಸಿ

ಬಹಳ ಜನ ಮಾಡೋ ತಪ್ಪು, ಪ್ಲೇಟುಗಳನ್ನು ದೋಸೆ ಪೇರಿಸಿದ ಹಾಗೆ ಒಂದರ ಮೇಲೊಂದು ಇಡೋದು. 78ರ ಒಂದು ಪ್ಲೇಟು 200 ಗ್ರಾಂ ಆಸುಪಾಸು ತೂಗುತ್ತೆ. 40 ಪೇರಿಸಿದರೆ ಅಡಿಯ ಪ್ಲೇಟಿನ ಮೇಲೆ ಎಂಟು ಕಿಲೋ ಭಾರ. ನಡುವೆ ಒಂದು ಮರಳಿನ ಕಾಳಿದ್ದು, ಗಾಡಿ ಹಂಪ್ ಮೇಲೆ ಎಗರಿದರೆ ಅಲ್ಲಿಗೆ ಮುಗೀತು. ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಬೇಕು. ಒಂದೊಂದಕ್ಕೂ ಕಾಗದದ ಕವರ್, 78 ಆದರೆ ಎರಡು ಪ್ಲೇಟಿನ ನಡುವೆ ರಟ್ಟು. ಒಳಗೆ ಅಲುಗಾಡಲೂಬಾರದು, ಬಲವಂತವಾಗಿ ತುರುಕಲೂಬಾರದು.

ಬಾಕ್ಸಿಗೆ ದುಡ್ಡು ಸುರಿಯಬೇಕಿಲ್ಲ. ಕಿರಾಣಿ ಅಂಗಡಿಯಲ್ಲಿ ಅಡುಗೆ ಎಣ್ಣೆ ಪ್ಯಾಕೆಟ್ ಬರುವ ದಪ್ಪ ರಟ್ಟಿನ ಡಬ್ಬ ಕೇಳಿ, ಬಿಸ್ಕತ್ತಿನ ಡಬ್ಬ ತೆಳ್ಳಗಿರುತ್ತೆ. ಎಲ್‌ಪಿ 12 ಇಂಚು ಅಗಲ, ಹಾಗಾಗಿ ಡಬ್ಬದ ಒಳಗೆ 13 ಇಂಚಾದರೂ ಜಾಗ ಬೇಕು. ತಳಕ್ಕೆ ಎರಡು ಸುತ್ತು ಟೇಪ್ ಹೊಡೆಯಿರಿ. ಕವರ್ ಸಮೇತ 50 ಎಲ್‌ಪಿ ಅಂದರೆ ಹತ್ತು-ಹನ್ನೆರಡು ಕಿಲೋ ದಾಟುತ್ತೆ, ಅದಕ್ಕಿಂತ ಹೆಚ್ಚು ತುಂಬಬೇಡಿ. 78 ಆದರೆ 25-30 ಸಾಕು. ಆ ಡಬ್ಬವನ್ನು ಇನ್ನೂ ದೊಡ್ಡ ಡಬ್ಬದೊಳಗಿಟ್ಟು, ಸುತ್ತಲೂ ಎರಡು ಇಂಚು ಹಳೇ ಸೀರೆಯನ್ನೋ ಮುದ್ದೆ ಮಾಡಿದ ಪೇಪರನ್ನೋ ತುಂಬಿದರೆ ಹೊಡೆತ ಅಲ್ಲೇ ನಿಲ್ಲುತ್ತೆ.

ಕೈ ತಿರುಗಿಸೋ ಗ್ರಾಮಫೋನ್ ಇದ್ದರೆ ಸೂಜಿ ತೆಗೆದು, ಸೌಂಡ್ ಬಾಕ್ಸ್ ಬಿಚ್ಚಿ ಬೇರೆ ಸುತ್ತಿ. ಸ್ಪ್ರಿಂಗಿನ ಬಿಗಿ ಇಳಿಯೋವರೆಗೂ ತಟ್ಟೆ ತಿರುಗಲು ಬಿಡಿ.

ಲಾರಿಯೋ, ರೈಲೋ?

ಲಾರಿಗೆ ಹಾಕೋದಾದರೆ ಹಿಂದಿನ ಚಕ್ರದ ಆಚೆ ಇಡಿಸಬೇಡಿ. ಹಂಪ್ ಬಂದಾಗ ಜಾಸ್ತಿ ಎಗರೋದು ಆ ಭಾಗವೇ. ಮಧ್ಯದಲ್ಲಿ, ಹಾಸಿಗೆಗೆ ಒತ್ತಿಕೊಂಡಂತೆ ಇರಲಿ. ಸಂಜೆ ಲೋಡ್ ಮಾಡಿ ರಾತ್ರಿ ಹೊರಡೋದು ಒಳ್ಳೇದು. ಹಗಲಲ್ಲಿ ಟಾರ್ಪಾಲಿನ್ ಕೆಳಗೆ ಎಲ್‌ಪಿ ಬೇಯುತ್ತೆ.

ಪಾರ್ಸೆಲ್ ಬುಕ್ ಮಾಡುವಾಗ ರಸೀದಿ ಓದಿ. ಅನೇಕ ಟ್ರಾನ್ಸ್‌ಪೋರ್ಟ್ ರಸೀದಿಗಳಲ್ಲಿ 'ಓನರ್ಸ್ ರಿಸ್ಕ್' ಅಂತ ಇರುತ್ತೆ. ಅಂದರೆ ಒಡೆದರೆ ಹೊಣೆ ನಿಮ್ಮದೇ ಅನ್ನೋದು ಅವರ ವಾದ. ಅಂಗಡಿಯವರಿಗೆ ಇದು ಹೊಸದಲ್ಲ, ಮನೆ ಖಾಲಿ ಮಾಡೋರಿಗೆ ಗೊತ್ತಿರಲ್ಲ. ಸಾಮಾನು ಏನು, ಬೆಲೆ ಎಷ್ಟು ಅಂತ ಬರೆಸಿ. ಇಂಗ್ಲಿಷ್ ಸ್ಟಿಕ್ಕರ್ ಜೊತೆಗೆ ಕನ್ನಡದಲ್ಲಿ ದಪ್ಪಕ್ಷರದಲ್ಲಿ 'ಒಡೆಯುವ ಸಾಮಾನು, ನೆಟ್ಟಗೆ ಇಡಿ' ಅಂತ ಬರೆದು ಬಾಣದ ಗುರುತು ಹಾಕಿ. ಎತ್ತೋ ಹಮಾಲರಿಗೆ ಬಾಯಿಬಿಟ್ಟು ಹೇಳಿ.

ಅಪರೂಪದ ಹತ್ತಿಪ್ಪತ್ತು ಪ್ಲೇಟುಗಳನ್ನಂತೂ ಕೈಯಲ್ಲೇ ಒಯ್ಯೋದು ವಾಸಿ. ಗದಗ, ಹುಬ್ಬಳ್ಳಿಯಿಂದ ಬೆಂಗಳೂರಿಗೆ ರಾತ್ರಿ ರೈಲುಗಳಿವೆ. ಕೆಳಗಿನ ಬರ್ತ್ ಅಡಿಯಲ್ಲಿ ನೆಟ್ಟಗೆ ನಿಲ್ಲಿಸಿ, ಪಕ್ಕಕ್ಕೆ ಬ್ಯಾಗ್ ಒತ್ತಿಡಿ. ಬಸ್ಸಾದರೆ ಡಿಕ್ಕಿಗೆ ಕೊಡಬೇಡಿ, ತೊಡೆ ಮೇಲಿರಲಿ.

ಊರು ಮುಟ್ಟಿದ ಮೇಲೆ ಎಣಿಸಿ ನೋಡಿ. ಎಲ್ಲಾದರೂ ಒಡೆದಿದ್ದರೆ ಚೂರುಗಳನ್ನು ಕಸಕ್ಕೆ ಹಾಕಬೇಡಿ, ಫೆವಿಕ್ವಿಕ್ ಹಚ್ಚೋಕೂ ಹೋಗಬೇಡಿ. ಗೆರೆಯೊಳಗೆ ಅಂಟು ಇಳಿದರೆ ಸೂಜಿ ಓಡಲ್ಲ. ಚೂರುಗಳನ್ನು ಒಂದಕ್ಕೊಂದು ಉಜ್ಜದ ಹಾಗೆ ಕಾಗದದಲ್ಲಿ ಸುತ್ತಿ, ಲೇಬಲ್ ಫೋಟೊ ಜೊತೆಗಿಡಿ. ಚೂರುಗಳೆಲ್ಲ ಇದ್ದರೆ, ಅವನ್ನು ಜೋಡಿಸಿ ಹಾಡನ್ನು ಕಂಪ್ಯೂಟರಿಗೆ ಇಳಿಸಬಲ್ಲ ಪರಿಣತರಿದ್ದಾರೆ.